ಕಲಿಸುವ ಕೈಗಳ ಕಚೇರಿ

ವೈದ್ಯನಿಗೆ ಕಾಯಿಲೆಯಾದರೆ ನೋಡಲು ಇನ್ನೊಬ್ಬ ವೈದ್ಯನಿದ್ದಾನೆ. ವಕೀಲನ ಮನೆಯಲ್ಲೇ ವ್ಯಾಜ್ಯ ಹುಟ್ಟಿದರೆ ವಾದಿಸಲು ಮತ್ತೊಬ್ಬ ವಕೀಲ ಸಿಕ್ಕುತ್ತಾನೆ. ಆದರೆ ದಿನವಿಡೀ ಇತರರ ಸಂಗೀತವನ್ನು ಕೇಳಿ, ತಪ್ಪನ್ನು ತಿದ್ದಿ, ತಾಳವನ್ನು ಸರಿಪಡಿಸಿ ಬಳಲುವ ಸಂಗೀತೋಪಾಧ್ಯಾಯನ ಸಂಗೀತವನ್ನು ಕೇಳುವವರು ಯಾರು?

ಈ ಪ್ರಶ್ನೆ ಎಲ್ಲ ಸಂಗೀತ ಮೇಷ್ಟರಿಗೂ ಸಲ್ಲುವುದಾದರೂ ಪಿಯಾನೋ ಕಲಿಸುವವರ ಪಾಲಿಗೆ ಇನ್ನಷ್ಟು ತೀಕ್ಷ್ಣವಾದುದು. ಪಿಟೀಲನ್ನು ಕೈಯಲ್ಲಿ ಹಿಡಿದು ಗೆಳೆಯನ ಮನೆಗೆ ಹೋಗಬಹುದು. ವೀಣೆಯನ್ನು ಜೋಪಾನವಾಗಿ ಗಾಡಿಯಲ್ಲಿಟ್ಟು ಬೇರೊಂದು ಊರಿಗೆ ಒಯ್ಯಬಹುದು. ಪಿಯಾನೋ ಹಾಗಲ್ಲ. ಸುಮಾರು 1700ರ ವೇಳೆಗೆ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಬಾರ್ತೊಲೊಮಿಯೊ ಕ್ರಿಸ್ತೋಫೊರಿ ಎಂಬಾತನ ಕೈಯಲ್ಲಿ ಹುಟ್ಟಿದ ಈ ವಾದ್ಯ ಇಂದು 52 ಬಿಳಿ, 36 ಕರಿ, ಒಟ್ಟು 88 ಕೀಲಿಗಳನ್ನು ಹೊಂದಿದೆ. ಒಳಗೆ ಸುಮಾರು 230 ಉಕ್ಕಿನ ತಂತಿಗಳು. ಅವೆಲ್ಲವುಗಳ ಸೆಳೆತವನ್ನು ಕೂಡಿಸಿದರೆ ಹದಿನೆಂಟು ಇಪ್ಪತ್ತು ಟನ್ನುಗಳಷ್ಟಾಗುತ್ತದೆ. ಅದನ್ನು ತಾಳಿಕೊಳ್ಳಲು ಎರಕದ ಕಬ್ಬಿಣದ ಚೌಕಟ್ಟು ಬೇಕು. ಸಭಾಂಗಣದ ದೊಡ್ಡ ಪಿಯಾನೋ ಐದು ಕ್ವಿಂಟಾಲಿನ ಸಮೀಪಕ್ಕೆ ತೂಗುವುದುಂಟು. ಹವೆಯಲ್ಲಿ ತೇವ ಏರಿದರೆ, ಇಳಿದರೆ ಶ್ರುತಿ ಕೆಡುತ್ತದೆ. ಅದನ್ನು ಕೂಡಿಸಲು ಬೇರೆಯೇ ಒಬ್ಬ ಕುಶಲಿ ಬರಬೇಕು. ಇಂತಹ ವಾದ್ಯವನ್ನು ನಂಬಿದವರು ಅದಿರುವ ಕೋಣೆಯನ್ನೇ ನಂಬಬೇಕಾಗುತ್ತದೆ.

ಆ ಕೋಣೆಯ ದಿನಚರಿಯೂ ವಿಚಿತ್ರ. ಲೋಕದವರು ಕೆಲಸ ಮುಗಿಸಿ ಮನೆಗೆ ಹಿಂದಿರುಗುವ ಹೊತ್ತಿಗೆ ಪಿಯಾನೋ ಉಪಾಧ್ಯಾಯಿನಿಯ ಕೆಲಸ ಮೊದಲಾಗುತ್ತದೆ. ಶಾಲೆ ಬಿಟ್ಟ ಮಕ್ಕಳು ಒಬ್ಬರ ಹಿಂದೆ ಒಬ್ಬರಂತೆ ಬರುತ್ತಾರೆ. ಒಂದೇ ಪಾಠ, ಒಂದೇ ತಪ್ಪು, ಒಂದೇ ಸಮಾಧಾನದ ಮಾತು. ಕೊನೆಯ ಶಿಷ್ಯ ಹೊರಟ ಮೇಲೆ ತನಗಾಗಿ ಏನನ್ನಾದರೂ ನುಡಿಸೋಣವೆಂದರೆ ಬೆರಳು ಬಳಲಿರುತ್ತವೆ. ನೆರೆಯವರು ಮಲಗುವ ಹೊತ್ತೂ ಆಗಿರುತ್ತದೆ. ಹೀಗೆ ಹತ್ತು ವರ್ಷ ಕಳೆದರೆ, ಒಮ್ಮೆ ಸಭೆಯನ್ನು ಬೆರಗುಗೊಳಿಸಿದ್ದ ಕೈಗಳು ಪ್ರಾಥಮಿಕ ಪಾಠಗಳನ್ನಷ್ಟೇ ಬಲ್ಲ ಕೈಗಳಾಗಿಬಿಡುವ ಭಯವುಂಟು. ಈ ಭಯವೇ ಬೇರೆ ಬೇರೆ ದೇಶಗಳ ಪಿಯಾನೋ ಉಪಾಧ್ಯಾಯರನ್ನು ಒಂದೆಡೆ ಸೇರುವಂತೆ ಮಾಡಿದ ಕಾರಣಗಳಲ್ಲಿ ಒಂದು.

ಕನ್ನಡ ನಾಡಿಗೆ ಬಂದ ಪಿಯಾನೋ

ಪಿಯಾನೋ ಕನ್ನಡಿಗರಿಗೆ ತೀರ ಅಪರಿಚಿತವೆಂದು ಯಾರೂ ಭಾವಿಸಬೇಕಾಗಿಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ 1880ರಲ್ಲಿ ಜಾನ್ ಟೇಲರ್ ಕಂಪನಿ ಕೆಲಸ ಹಿಡಿದ ನಂತರ ಅಲ್ಲಿ ನೆಲಸಿದ ಆಂಗ್ಲರಿಂದ ಆ ಊರಿಗೆ ‘ಪುಟ್ಟ ಇಂಗ್ಲೆಂಡ್’ ಎಂಬ ಹೆಸರೇ ಬಿದ್ದಿತ್ತು. ಬಂಗಲೆ, ಕ್ಲಬ್ಬು, ಇಗರ್ಜಿಗಳ ಆ ಬದುಕಿನ ಜೊತೆಯಲ್ಲಿ ಪಾಶ್ಚಾತ್ಯ ಸಂಗೀತದ ದನಿಯೂ ಬಂದಿತು. ಗಣಿಗಳು 2001ರಲ್ಲಿ ಮುಚ್ಚಿದವು. ಆ ಕಾಲದ ಕುಟುಂಬಗಳಲ್ಲಿ ಅನೇಕವು ಅದಕ್ಕೂ ಬಹಳ ಮೊದಲೇ ಬೇರೆಡೆಗೆ ಹೋಗಿದ್ದವು.

ಮೈಸೂರಿನ ಅರಮನೆಯಲ್ಲಂತೂ ಈ ವಾದ್ಯಕ್ಕೆ ರಾಜಮರ್ಯಾದೆಯೇ ಸಂದಿತು. ವೈಣಿಕ ಶಿಖಾಮಣಿ ವೀಣೆ ಶೇಷಣ್ಣನವರು ವೀಣೆಯಲ್ಲಿ ಮಾತ್ರವಲ್ಲದೆ ಪಿಯಾನೋದಲ್ಲಿಯೂ ಕೈ ಪಳಗಿಸಿಕೊಂಡಿದ್ದರು. ಮುಂದೆ ಪಟ್ಟಕ್ಕೆ ಬಂದ ಜಯಚಾಮರಾಜ ಒಡೆಯರು ಎಳೆವೆಯಿಂದಲೇ ಪಿಯಾನೋವನ್ನು ಶ್ರದ್ಧೆಯಿಂದ ಅಭ್ಯಸಿಸಿ, ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಆದರು. ಅದೇ ನಗರದ ಟ್ರಿನಿಟಿ ಸಂಗೀತ ಕಾಲೇಜು 1945ರಲ್ಲಿ ಅವರನ್ನು ಗೌರವ ಫೆಲೋ ಆಗಿ ಬರಮಾಡಿಕೊಂಡಿತು. 1940ರಲ್ಲಿ ಮೊದಲು ತಂದೆಯವರೂ, ಕೆಲವೇ ತಿಂಗಳ ನಂತರ ದೊಡ್ಡಪ್ಪನವರಾದ ನಾಲ್ವಡಿ ಕೃಷ್ಣರಾಜ ಒಡೆಯರೂ ತೀರಿಕೊಂಡಾಗ ಸಿಂಹಾಸನದ ಭಾರ ಇಪ್ಪತ್ತೊಂದರ ತರುಣನ ಮೇಲೆ ಬಿತ್ತು. ಪಿಯಾನೋ ವಾದಕನಾಗುವ ಕನಸು ಅಲ್ಲಿಗೆ ನಿಂತಿತು.

ಆದರೆ ಆ ಕನಸಿನ ಫಲವನ್ನು ಉಂಡವರು ಒಬ್ಬ ಬಡ ಸಂಗೀತಗಾರರು. ರಷ್ಯದಲ್ಲಿ ಹುಟ್ಟಿದ ನಿಕೊಲಾಯ್ ಮೆಟ್ನರ್ 1921ರಲ್ಲಿ ಸ್ವದೇಶವನ್ನು ಬಿಟ್ಟು, 1930ರ ದಶಕದ ನಡುವೆ ಲಂಡನ್ನಿನಲ್ಲಿ ನೆಲಸಿದರು. ದೊಡ್ಡ ವಾದಕರು, ದೊಡ್ಡ ರಚನಕಾರರು; ಆದರೂ ಸಾಧಾರಣವಾದ ಮನೆಯಲ್ಲಿ ಪಾಠ ಹೇಳಿಕೊಂಡು ಜೀವನ ಸಾಗಿಸುತ್ತಿದ್ದರು. ಎರಡನೆಯ ಮಹಾಯುದ್ಧ ಬಂದೊಡನೆ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣವೂ ನಿಂತಿತು, ಆರೋಗ್ಯವೂ ಕೆಟ್ಟಿತು. ಆಗ ಅವರಿಗೆ ಆಶ್ರಯ ನೀಡಿದವರು ಶಿಷ್ಯೆಯಾದ ಎಡ್ನಾ ಐಲ್ಸ್ ಅವರ ಮನೆಯವರು. ಯುದ್ಧಾನಂತರ ಮೈಸೂರಿನ ಮಹಾರಾಜರು ನೆರವಿಗೆ ಬಂದರು. ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿ ಸ್ಥಾಪಿತವಾಗಿ, ಅವರ ಮೂರು ಪಿಯಾನೋ ಕಾಂಚೆರ್ಟೊಗಳು, ಗೀತೆಗಳು ಮತ್ತು ಇತರ ಕೃತಿಗಳು ಅವರದೇ ವಾದನದಲ್ಲಿ ಗ್ರಾಮಫೋನ್ ತಟ್ಟೆಗಳ ಮೇಲೆ ಮುದ್ರಿತವಾದವು. ತಮ್ಮ ಮೂರನೆಯ ಕಾಂಚೆರ್ಟೊವನ್ನು ಮೆಟ್ನರ್ ಮಹಾರಾಜರಿಗೆ ಅರ್ಪಿಸಿದರು. 1951ರಲ್ಲಿ ಅವರು ತೀರಿಕೊಂಡರು. ಆ ತಟ್ಟೆಗಳಿಲ್ಲದಿದ್ದರೆ ಅವರ ಕೈವಾಡದ ಬಹುಭಾಗ ಅವರೊಡನೆಯೇ ಮಣ್ಣಾಗುತ್ತಿತ್ತು.

ಪಾಠ ಹೇಳುವವರೆಲ್ಲರಿಗೂ ಮೈಸೂರಿನ ಮಹಾರಾಜರಂತಹ ಕೇಳುಗರು ದೊರೆಯುವುದು ಸಾಧ್ಯವಿಲ್ಲವಷ್ಟೆ. ದೊರೆ ಸಿಕ್ಕದವರಿಗೆ ದಾರಿ ಯಾವುದು? ತಮ್ಮವರೇ ಹತ್ತಾರು ಮಂದಿ ಒಟ್ಟುಗೂಡಿ ಒಬ್ಬರನ್ನೊಬ್ಬರು ಕೇಳುವುದೇ ಆ ದಾರಿ.

ಅರವತ್ತಮೂರು ಮಂದಿಯ ಸಭೆ

1876ನೆಯ ಡಿಸೆಂಬರ್ ತಿಂಗಳಲ್ಲಿ, ಕ್ರಿಸ್ಮಸ್ ಹಬ್ಬದ ಮರುದಿನ, ಅಮೆರಿಕದ ಒಹಾಯೊ ಪ್ರಾಂತ್ಯದ ಡೆಲವೇರ್ ಎಂಬ ಸಣ್ಣ ಊರಿನಲ್ಲಿ ಅಂತಹ ಒಂದು ಕೂಟ ನೆರೆಯಿತು. ಕರೆದವರು ತಿಯೊಡೋರ್ ಪ್ರೆಸರ್ ಎಂಬ ಇಪ್ಪತ್ತೆಂಟರ ಪಿಯಾನೋ ಮೇಷ್ಟರು. ಬಂದವರು ಅವರ ಅರವತ್ತೆರಡು ಮಂದಿ ವೃತ್ತಿಬಾಂಧವರು. ಅಂದು ಹುಟ್ಟಿದ ಸಂಗೀತೋಪಾಧ್ಯಾಯರ ರಾಷ್ಟ್ರೀಯ ಸಂಘ ಇಂದಿಗೂ ಸಾವಿರಾರು ಸದಸ್ಯರೊಡನೆ ನಡೆಯುತ್ತಿದೆ.

ಪ್ರೆಸರ್ ಅವರು ಅಷ್ಟಕ್ಕೇ ನಿಲ್ಲಲಿಲ್ಲ. ದೂರದ ಊರುಗಳಲ್ಲಿ ಒಂಟಿಯಾಗಿ ಪಾಠ ಹೇಳುವವರು ಸಭೆಗೆ ಬರಲಾರರೆಂಬುದನ್ನು ಅವರು ಚೆನ್ನಾಗಿ ಬಲ್ಲವರು. ಅಂತಹವರ ಮನೆಬಾಗಿಲಿಗೇ ಸಭೆಯನ್ನು ಕಳುಹಿಸುವಂತೆ 1883ರಲ್ಲಿ ‘ದಿ ಎಟ್ಯೂಡ್’ ಎಂಬ ಪತ್ರಿಕೆಯನ್ನು ಆರಂಭಿಸಿದರು. ಪಾಠಕ್ರಮ, ಬೆರಳುಗಳ ಅಭ್ಯಾಸ, ಹೊಸ ರಚನೆಗಳ ಸ್ವರಲಿಪಿ ಎಲ್ಲವೂ ಅದರಲ್ಲಿ ಅಚ್ಚಾಗುತ್ತಿದ್ದವು. 1957ರವರೆಗೆ, ಮುಕ್ಕಾಲು ಶತಮಾನದಷ್ಟು ಕಾಲ, ಆ ಪತ್ರಿಕೆ ನಡೆಯಿತು.

ಅವರ ಮತ್ತೊಂದು ಕಾರ್ಯ ಇನ್ನೂ ಹೃದಯಸ್ಪರ್ಶಿಯಾದುದು. ಖಾಸಗಿಯಾಗಿ ಪಾಠ ಹೇಳುವವರಿಗೆ ಸಂಬಳವಿಲ್ಲ, ನಿವೃತ್ತಿವೇತನವಿಲ್ಲ. ಕಿವಿ ಮಂದವಾಗಿ, ಬೆರಳು ಸೆಟೆದು, ಶಿಷ್ಯರು ಬರುವುದು ನಿಂತ ದಿನವೇ ಆದಾಯವೂ ನಿಲ್ಲುತ್ತದೆ. ಕುಟುಂಬವಿಲ್ಲದೆ ಒಂಟಿಯಾಗಿ ಬಾಳಿದ ಉಪಾಧ್ಯಾಯಿನಿಯರ ಪಾಡಂತೂ ಹೇಳತೀರದು. ಇದನ್ನು ಕಣ್ಣಾರೆ ಕಂಡಿದ್ದ ಪ್ರೆಸರ್, ಪ್ರಕಾಶನದಿಂದ ತಾವು ಗಳಿಸಿದ ಹಣದಲ್ಲಿ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫಿಲಡೆಲ್ಫಿಯ ನಗರದಲ್ಲಿ ಮುಪ್ಪಿನ ಸಂಗೀತೋಪಾಧ್ಯಾಯರಿಗಾಗಿಯೇ ಒಂದು ವಸತಿಗೃಹವನ್ನು ಸ್ಥಾಪಿಸಿದರು. ಸಂಘವೆಂದರೆ ಭಾಷಣ, ಠರಾವು, ಫಲಾಹಾರಗಳಷ್ಟೇ ಅಲ್ಲ. ಕೈ ಸೋತಾಗ ಹಿಡಿಯುವ ಇನ್ನೊಂದು ಕೈ ಎಂಬುದಕ್ಕೆ ಇದೊಂದು ನಿದರ್ಶನ.

ಒಂದು ಊರಿನ ಉಪಾಧ್ಯಾಯರು

ಸಣ್ಣ ಬಳಗವೊಂದು ಎಷ್ಟು ದೊಡ್ಡ ಕೆಲಸವನ್ನು ಮಾಡಬಲ್ಲುದೆಂಬುದಕ್ಕೆ ಅಮೆರಿಕದ ಟೆಕ್ಸಾಸ್ ಪ್ರಾಂತ್ಯದ ಫೋರ್ಟ್ ವರ್ತ್ ನಗರವನ್ನು ನೋಡಬೇಕು. ಅದು ದನಗಳ ವ್ಯಾಪಾರಕ್ಕೆ ಹೆಸರಾದ ಊರು.

1958ರ ಏಪ್ರಿಲಿನಲ್ಲಿ ಮಾಸ್ಕೋ ನಗರದ ಮೊದಲ ಚೈಕೋವ್ಸ್ಕಿ ಸ್ಪರ್ಧೆಯಲ್ಲಿ ವ್ಯಾನ್ ಕ್ಲೈಬರ್ನ್ ಎಂಬ ಇಪ್ಪತ್ತಮೂರು ವರ್ಷದ ಟೆಕ್ಸಾಸಿನ ತರುಣ ಪ್ರಥಮ ಬಹುಮಾನವನ್ನು ಗೆದ್ದ. ಅಮೆರಿಕಕ್ಕೂ ರಷ್ಯಕ್ಕೂ ಶೀತಲ ಸಮರ ಬಿರುಸಾಗಿದ್ದ ಕಾಲವದು. ಆತ ಹಿಂದಿರುಗಿದಾಗ ನ್ಯೂಯಾರ್ಕಿನ ಬೀದಿಗಳಲ್ಲಿ ದಿಗ್ವಿಜಯಿಗೆ ಸಲ್ಲುವಂತಹ ಮೆರವಣಿಗೆ ನಡೆಯಿತು. ಆದರೆ ಆತನ ಮೊದಲ ಗುರು ಹೆತ್ತ ತಾಯಿಯೇ ಎಂಬ ಸಂಗತಿ ಪಾಠ ಹೇಳುವವರಿಗೆಲ್ಲ ಹೆಮ್ಮೆಯದು. ರಿಲ್ಡಿಯಾ ಬೀ ಕ್ಲೈಬರ್ನ್ ಅವರು ಪಿಯಾನೋ ಉಪಾಧ್ಯಾಯಿನಿ. ಪ್ರಸಿದ್ಧ ವಾದಕ ಲಿಸ್ಟ್ ಅವರ ಶಿಷ್ಯರಾದ ಆರ್ಥರ್ ಫ್ರೀಡ್‌ಹೈಮ್ ಅವರಲ್ಲಿ ಕಲಿತಿದ್ದ ಆಕೆ ಮಗನಿಗೆ ಮೂರನೆಯ ವಯಸ್ಸಿನಿಂದ ಹದಿನೇಳರವರೆಗೆ ತಾವೇ ಪಾಠ ಹೇಳಿದರು. ಆಮೇಲಷ್ಟೇ ಆತ ನ್ಯೂಯಾರ್ಕಿನಲ್ಲಿ ರೊಸೀನಾ ಲೆವೀನ್ ಅವರ ಶಿಷ್ಯನಾದದ್ದು.

ಅದೇ 1958ರಲ್ಲಿ ಫೋರ್ಟ್ ವರ್ತ್ ನಗರದ ಒಂದು ಭೋಜನಕೂಟದಲ್ಲಿ, 1929ರಲ್ಲಿ ಪಿಯಾನೋ ಉಪಾಧ್ಯಾಯರ ರಾಷ್ಟ್ರೀಯ ಗಿಲ್ಡ್ ಅನ್ನು ಸ್ಥಾಪಿಸಿದ್ದ ಅರ್ಲ್ ಆಲಿಸನ್ ಅವರು ಎದ್ದುನಿಂತು, ಕ್ಲೈಬರ್ನ್ ಹೆಸರಿನಲ್ಲಿ ಒಂದು ಸ್ಪರ್ಧೆ ನಡೆಯುವುದಾದರೆ ಹತ್ತು ಸಾವಿರ ಡಾಲರುಗಳ ಪ್ರಥಮ ಬಹುಮಾನವನ್ನು ಕೊಡುವುದಾಗಿ ಸಾರಿದರು. ಮಾತು ಕೊಡುವುದು ಸುಲಭ, ನಡೆಸಿಕೊಡುವವರು ಯಾರು? ಗ್ರೇಸ್ ವಾರ್ಡ್ ಲ್ಯಾಂಕ್‌ಫರ್ಡ್ ಎಂಬ ಮಹಿಳೆಯ ಮುಂದಾಳುತನದಲ್ಲಿ ಆ ಊರಿನ ಪಿಯಾನೋ ಉಪಾಧ್ಯಾಯರ ವೇದಿಕೆಯವರೂ ಸ್ವಯಂಸೇವಕರೂ ಟೊಂಕ ಕಟ್ಟಿ ನಿಂತರು. ನಾಲ್ಕು ವರ್ಷಗಳ ದುಡಿಮೆಯ ನಂತರ, 1962ರ ಸೆಪ್ಟೆಂಬರ್ 24ರಿಂದ ಅಕ್ಟೋಬರ್ 7ರವರೆಗೆ ಮೊದಲ ಸ್ಪರ್ಧೆ ನಡೆಯಿತು. ಅಮೆರಿಕದ ರಾಲ್ಫ್ ವೊಟಾಪೆಕ್ ಮೊದಲಿಗರಾದರು. ಎರಡನೆಯ, ಮೂರನೆಯ ಸ್ಥಾನಗಳು ಸೋವಿಯತ್ ದೇಶದ ತರುಣರಿಗೆ ಸಂದವು. ಸ್ಪರ್ಧೆ ಮುಗಿದು ಎರಡು ವಾರವೂ ಕಳೆಯುವ ಮುನ್ನ ಕ್ಯೂಬಾದ ಕ್ಷಿಪಣಿಗಳ ವಿಷಯದಲ್ಲಿ ಆ ಎರಡು ದೇಶಗಳು ಯುದ್ಧದ ಅಂಚಿಗೆ ಬಂದು ನಿಂತಿದ್ದವೆಂಬುದನ್ನು ನೆನೆದರೆ ಆ ಪಾಠದ ಮೇಷ್ಟರುಗಳು ಮಾಡಿದ ಕೆಲಸದ ಬೆಲೆ ತಿಳಿದೀತು.

ಈ ಸ್ಪರ್ಧೆಯಲ್ಲಿ ಹೊಟೆಲುಗಳಿಗಿಂತ ಮನೆಗಳದೇ ದೊಡ್ಡ ಪಾತ್ರ. ಸ್ಪರ್ಧಿಗಳನ್ನು ಊರಿನ ಕುಟುಂಬಗಳು ತಮ್ಮಲ್ಲಿಯೇ ಇರಿಸಿಕೊಳ್ಳುತ್ತವೆ. ಸಾಧನೆಗಾಗಿ ಪಿಯಾನೋ ಆ ಮನೆಯಲ್ಲೇ ಸಿದ್ಧವಾಗಿರುತ್ತದೆ. ಗೃಹಿಣಿ ಅತಿಥಿಯ ಊಟ ನಿದ್ರೆಗಳನ್ನು ವಿಚಾರಿಸಿಕೊಳ್ಳುತ್ತಾಳೆ. ಮನೆಯ ಮಕ್ಕಳು ಬಾಗಿಲಲ್ಲಿ ನಿಂತು ದೂರದೇಶದ ವಾದಕನ ಅಭ್ಯಾಸವನ್ನು ಕೇಳುತ್ತಾರೆ. ಸೋತವನು ಕಣ್ಣೊರೆಸಿಕೊಳ್ಳಲು ಮರಳುವುದೂ ಆ ಮನೆಗೇ. ಈ ಪದ್ಧತಿ ಇಂದಿಗೂ ನಡೆದುಬಂದಿದೆ. 2022ರಲ್ಲಿ ಹದಿನೆಂಟರ ಪ್ರಾಯದ ಕೊರಿಯದ ಹುಡುಗ ಯುಂಚಾನ್ ಲಿಮ್ ಅಲ್ಲಿ ಗೆದ್ದು, ಆ ಸ್ಪರ್ಧೆಯ ವಿಜೇತರಲ್ಲಿ ಅತಿ ಕಿರಿಯನೆನಿಸಿದ.

ಎದೆ ನಡುಗುವ ಉಪಾಧ್ಯಾಯರು

ಜಗದ್ವಿಖ್ಯಾತ ಸ್ಪರ್ಧೆಗಳ ಮಾತು ಅಂತಿರಲಿ. ಪಿಯಾನೋ ಉಪಾಧ್ಯಾಯರ ಬಳಗಗಳ ನಿಜವಾದ ಜೀವನ ಅವುಗಳ ಸಣ್ಣ ಕೂಟಗಳಲ್ಲಿದೆ. ಯಾರದೋ ಮನೆಯ ನಡುಮನೆಯಲ್ಲಿಯೋ, ಇಗರ್ಜಿಯ ಸಭಾಂಗಣದಲ್ಲಿಯೋ ಸೇರುತ್ತಾರೆ. ಒಬ್ಬರು ಹೊಸ ಪಾಠಪುಸ್ತಕವನ್ನು ಪರಿಚಯಿಸುತ್ತಾರೆ. ಮತ್ತೊಬ್ಬರು ಅಭ್ಯಾಸ ಮಾಡದ ಮಕ್ಕಳನ್ನು ಹೇಗೆ ಒಲಿಸಿಕೊಳ್ಳಬೇಕೆಂದು ಕೇಳುತ್ತಾರೆ. ಶುಲ್ಕ ಕೊಡಲು ಮರೆಯುವ ಪೋಷಕರ ವಿಷಯ ಬಂದಾಗ ಎಲ್ಲರೂ ನಗುತ್ತಾರೆ. ಕಾಫಿಯಾದ ಮೇಲೆ ವಾದನ. ಒಂದೇ ಪಿಯಾನೋದ ಮುಂದೆ ಇಬ್ಬರು ಕುಳಿತು ನಾಲ್ಕು ಕೈಗಳಿಂದ ನುಡಿಸುವುದು, ಎರಡು ಪಿಯಾನೋಗಳ ಮುಂದೆ ನಾಲ್ವರು ಕುಳಿತು ಎಂಟು ಕೈಗಳಿಂದ ನುಡಿಸುವುದು ಇಂತಹ ಕೂಟಗಳ ವಿಶೇಷ ವಿನೋದ. ವರ್ಷವೆಲ್ಲ ಒಂಟಿಯಾಗಿದ್ದವರಿಗೆ ಜೊತೆಗಾರರ ಮೊಣಕೈ ತಗಲುವುದೇ ಒಂದು ಸುಖ.

ಆದರೆ ಒಬ್ಬರೇ ಹೋಗಿ ಕುಳಿತು ನುಡಿಸುವ ಸರದಿ ಬಂದಾಗ ನಗು ಮಾಯವಾಗುತ್ತದೆ. ಎದುರಿಗಿರುವವರು ಪ್ರತಿಯೊಂದು ತಪ್ಪನ್ನೂ ಬಲ್ಲವರು. ನೂರು ಶಿಷ್ಯರಿಗೆ ಧೈರ್ಯ ಹೇಳಿದ ಗುರುವಿನ ಅಂಗೈ ಬೆವರುತ್ತದೆ. ಕಂಠಪಾಠವಾಗಿದ್ದ ಪುಟ ಮನಸ್ಸಿನಿಂದ ಅಳಿಸಿಹೋಗುತ್ತದೆ. ಈ ತೊಳಲಾಟವನ್ನು ಹಗುರವಾಗಿ ಕಾಣದೆ ಶಾಸ್ತ್ರೀಯವಾಗಿ ವಿಚಾರಿಸಿದವರು ಕರೋಲಾ ಗ್ರಿಂಡಿಯಾ. 1914ರಲ್ಲಿ ರುಮೇನಿಯದಲ್ಲಿ ಹುಟ್ಟಿ, 1939ರಲ್ಲಿ ಲಂಡನ್ನಿಗೆ ಬಂದ ಆಕೆ ಗಿಲ್ಡ್‌ಹಾಲ್ ಶಾಲೆಯಲ್ಲಿ ಪಿಯಾನೋ ಕಲಿಸುತ್ತಿದ್ದರು. 1978ರಲ್ಲಿ ಯುರೋಪಿನ ಪಿಯಾನೋ ಉಪಾಧ್ಯಾಯರ ಸಂಘವನ್ನು ಸ್ಥಾಪಿಸಿದವರು ಅವರೇ; ಅದು ಲಂಡನ್ನಿನಿಂದ ಯುರೋಪಿನ ಹಲವಾರು ದೇಶಗಳಿಗೆ ಹರಡಿತು. ಕೆಲವೇ ವರ್ಷಗಳಲ್ಲಿ, ವೇದಿಕೆಯ ಅಂಜಿಕೆಯನ್ನೂ ಸ್ನಾಯುಗಳ ಬಿಗಿತವನ್ನೂ ಕುರಿತು ಅಭ್ಯಸಿಸುವ ಮತ್ತೊಂದು ಅಂತರರಾಷ್ಟ್ರೀಯ ಸಂಸ್ಥೆಯನ್ನೂ ಅವರು ಕಟ್ಟಿದರು. 2009ರಲ್ಲಿ ತೀರಿಕೊಳ್ಳುವವರೆಗೂ ಅವರಿಗೆ ಅದೇ ಧ್ಯಾನ.

ತಾನು ಹೆದರುವ ಗುರು ಶಿಷ್ಯನ ಹೆದರಿಕೆಯನ್ನು ಬಲ್ಲ. ಮೇಷ್ಟರುಗಳ ಕಚೇರಿಯಿಂದ ಮಕ್ಕಳಿಗಾಗುವ ದೊಡ್ಡ ಲಾಭವಿದು. ವೇದಿಕೆಯನ್ನು ಹತ್ತಿ ಬಂದ ಮಾರನೆಯ ದಿನ ಪಾಠ ಹೇಳುವಾಗ ಗದರಿಕೆ ಕಡಿಮೆಯಾಗುತ್ತದೆ, ತಾಳ್ಮೆ ಹೆಚ್ಚುತ್ತದೆ.

ಪೈಪೋಟಿಯ ಮುಳ್ಳು

ಒಂದೇ ಊರಿನಲ್ಲಿ ಒಂದೇ ವಿದ್ಯೆಯನ್ನು ಕಲಿಸುವವರಲ್ಲಿ ಪೈಪೋಟಿ ಇಲ್ಲದಿರುವುದುಂಟೆ? ಒಬ್ಬರ ಶಿಷ್ಯೆ ಇನ್ನೊಬ್ಬರ ಮನೆಗೆ ಪಾಠಕ್ಕೆ ಹೋಗತೊಡಗಿದರೆ ಮನಸ್ಸು ಕಹಿಯಾಗುತ್ತದೆ. ಬಹುಮಾನವೆಲ್ಲ ಒಬ್ಬರ ಶಿಷ್ಯರಿಗೇ ಹೋದರೆ ಉಳಿದವರ ಮುಖ ಬಾಡುತ್ತದೆ. ಎಷ್ಟೋ ಬಳಗಗಳು ಒಡೆಯುವುದು ಹೀಗೆಯೇ.

ಆಲಿಸನ್ ಅವರ ಗಿಲ್ಡ್ ಇದಕ್ಕೊಂದು ಉಪಾಯವನ್ನು ಹುಡುಕಿತು. ಅಲ್ಲಿಯ ವಾರ್ಷಿಕ ಪರೀಕ್ಷೆಯಲ್ಲಿ ಮಕ್ಕಳು ಒಬ್ಬರೊಡನೊಬ್ಬರು ಸೆಣಸುವುದಿಲ್ಲ. ಪ್ರತಿಯೊಬ್ಬರೂ ತೀರ್ಪುಗಾರರ ಮುಂದೆ ಒಂಟಿಯಾಗಿ ನುಡಿಸುತ್ತಾರೆ. ತೀರ್ಪುಗಾರರು ಗುಣದೋಷಗಳನ್ನು ಬರೆದುಕೊಡುತ್ತಾರೆ. ಮಗು ಅಳೆಯಲ್ಪಡುವುದು ನೆರೆಮನೆಯ ಮಗುವಿನಿಂದಲ್ಲ, ತಾನು ಕಲಿತ ವಿದ್ಯೆಯಿಂದ. ಮೊದಲ ಸ್ಥಾನವಿಲ್ಲ, ಆದುದರಿಂದ ಕೊನೆಯ ಸ್ಥಾನವೂ ಇಲ್ಲ. ಉಪಾಧ್ಯಾಯರುಗಳ ನಡುವಣ ಸ್ನೇಹ ಉಳಿಯಲು ಇದಕ್ಕಿಂತ ಉತ್ತಮ ವ್ಯವಸ್ಥೆ ವಿರಳ. ಹೆಸರಾಂತ ಸ್ಪರ್ಧೆಗೆ ಹತ್ತು ಸಾವಿರ ಡಾಲರು ಕೊಟ್ಟ ವ್ಯಕ್ತಿಯೇ ಸ್ಪರ್ಧೆಯಿಲ್ಲದ ಪರೀಕ್ಷೆಯನ್ನೂ ರೂಪಿಸಿದ್ದು ಗಮನಿಸತಕ್ಕ ಸಂಗತಿ. ನುರಿತವರಿಗೆ ಸೆಣಸಾಟ ಬೇಕು; ಬೆಳೆಯುವವರಿಗೆ ಬೇಕಾದದ್ದು ಒಳ್ಳೆಯ ಕಿವಿ.

ಮುಳಬಾಗಿಲಿನ ಗುರುಪರಂಪರೆ

ಕರ್ನಾಟಕದಲ್ಲಿ ಇಂದು ಪಿಯಾನೋ ಕಲಿಯುವ ಮಕ್ಕಳ ಕೊರತೆಯಿಲ್ಲ. 1987ರಲ್ಲಿ ಅರುಣಾ ಸುಂದರಲಾಲ್ ಅವರು ಆರಂಭಿಸಿದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್‌ನಂತಹ ಸಂಸ್ಥೆಗಳು ಪಾಠದ ಜೊತೆಯಲ್ಲಿ ಕಚೇರಿಗಳನ್ನೂ ಏರ್ಪಡಿಸುತ್ತ ಬಂದಿವೆ. ಲಂಡನ್ನಿನ ಪರೀಕ್ಷಾ ಮಂಡಳಿಗಳ ಪರೀಕ್ಷೆಗೆ ಬೆಂಗಳೂರಿನ ಎಷ್ಟೋ ಮನೆಗಳ ಮಕ್ಕಳು ಕುಳಿತುಕೊಳ್ಳುತ್ತಾರೆ. ಪರೀಕ್ಷೆಯ ಅಂಕಗಳನ್ನು ಎಣಿಸುವ ಈ ಗಡಿಬಿಡಿಯಲ್ಲಿ ಕಲಿಸುವವರು ನುಡಿಸುವ ಅವಕಾಶ ಕುಗ್ಗದಂತೆ ನೋಡಿಕೊಳ್ಳಬೇಕಾಗಿದೆ.

ಈ ಮಾತು ಪಿಯಾನೋ ಒಂದಕ್ಕೇ ಸಲ್ಲುವುದಲ್ಲ. ಕೋಲಾರ, ಮಾಲೂರು, ಶ್ರೀನಿವಾಸಪುರಗಳಂತಹ ಊರುಗಳಲ್ಲಿ ಹಾರ್ಮೋನಿಯಂ, ವೀಣೆ, ಹಾಡುಗಾರಿಕೆಗಳನ್ನು ಹೇಳಿಕೊಡುವವರಿಗೂ ಅಷ್ಟೇ ನಿಜ. ಅವರ ನೆರೆಯಲ್ಲೇ ಒಂದು ದೊಡ್ಡ ನಿದರ್ಶನವಿದೆ. ಹದಿನೈದನೆಯ ಶತಮಾನದಲ್ಲಿ ಮುಳಬಾಗಿಲಿನಲ್ಲಿ ನೆಲಸಿದ್ದ ಶ್ರೀಪಾದರಾಜರು ಮಹಾ ವಿದ್ವಾಂಸರು. ವ್ಯಾಸರಾಯರಂತಹವರಿಗೆ ಪಾಠ ಹೇಳಿದ ಗುರುಗಳು. ವ್ಯಾಸರಾಯರ ಶಿಷ್ಯರು ಪುರಂದರದಾಸರು. ಕರ್ನಾಟಕ ಸಂಗೀತದ ಮೊದಲ ಪಾಠಗಳನ್ನು ಮಾಯಾಮಾಳವಗೌಳ ರಾಗದಲ್ಲಿ ಹೊಂದಿಸಿಕೊಟ್ಟ ಕೀರ್ತಿಯನ್ನು ಪರಂಪರೆ ಅವರಿಗೆ ಸಲ್ಲಿಸುತ್ತದೆ. ಮೂರು ತಲೆಮಾರುಗಳ ಈ ಗುರುಗಳಲ್ಲಿ ಯಾರೊಬ್ಬರೂ ಪಾಠ ಹೇಳುವುದರಲ್ಲೇ ಮುಗಿದುಹೋಗಲಿಲ್ಲ. ಮೂವರೂ ಹಾಡುಗಳನ್ನು ಕಟ್ಟಿದರು. ಆ ಹಾಡುಗಳಿಗೆ ಇಂದಿಗೂ ಕೇಳುಗರುಂಟು. ಆರಾಧನೆಯ ದಿನಗಳಲ್ಲಿ ಊರಿನ ಸಂಗೀತ ಮೇಷ್ಟರುಗಳು ಶಿಷ್ಯರೊಡನೆ ಒಂದೇ ಚಾಪೆಯ ಮೇಲೆ ಕುಳಿತು ಗೋಷ್ಠಿಯಲ್ಲಿ ಹಾಡುವ ಪದ್ಧತಿ ನಾಡಿನ ಹಲವೆಡೆ ಇದೆ. ಅಂದು ಗುರುವಿನ ದನಿಯೂ ಕೇಳಿಸುತ್ತದೆ. ಆದರೆ ಅದು ವರ್ಷಕ್ಕೊಂದು ದಿನ, ಹತ್ತಾರು ದನಿಗಳ ನಡುವೆ.

ಉಳಿದ ದಿನಗಳಿಗಾಗಿ ಬೇಕಾದದ್ದು ಹೆಚ್ಚೇನೂ ಅಲ್ಲ. ತಿಂಗಳಿಗೊಂದು ನಿಶ್ಚಿತವಾದ ಸಂಜೆ; ಶ್ರುತಿಗೂಡಿದ ಒಂದು ವಾದ್ಯವಿರುವ ಕೋಣೆ; ಶಿಷ್ಯರ ಹೆಸರೆತ್ತಬಾರದೆಂಬ ಒಂದು ಒಪ್ಪಂದ; ಸರದಿಯಂತೆ ಇಬ್ಬರು ಉಪಾಧ್ಯಾಯರ ವಾದನ ಅಥವಾ ಗಾಯನ. ಕಾಫಿಯನ್ನು ಆ ಮನೆಯವರು ನೋಡಿಕೊಂಡಾರು. ಡೆಲವೇರ್ ಎಂಬ ಸಣ್ಣ ಊರಿನಲ್ಲಿ ಸೇರಿದವರು ಅರವತ್ತಮೂರು ಮಂದಿ. ಮಾಲೂರಿನಲ್ಲೋ ಶ್ರೀನಿವಾಸಪುರದಲ್ಲೋ ಆರು ಮಂದಿ ಸೇರಿದರೂ ಕಚೇರಿಗೆ ಸಾಕು: ಒಬ್ಬರು ನುಡಿಸಿದರೆ ಕೇಳಲು ಐವರಿರುತ್ತಾರೆ.